ತಳ್ಳುಗಾಡಿಯ ವ್ಯಾಪಾರಿಯೂ ಸೊಪ್ಪು ಬೆಳೆಯುವ ರೈತನೂ

ಬೆಂಗಳೂರಿನ ಸುತ್ತಣ ಗ್ರಾಮಗಳಲ್ಲಿ ಸೊಪ್ಪು ತರಕಾರಿಗಳನ್ನು ಬೆಳೆಯುವ ರೈತರು, ತಮ್ಮ ಮಾಲಿನ ಬೆಲೆಯನ್ನು ಮಂಡಿಯ ದಲ್ಲಾಳಿಯೇ ಗೊತ್ತುಮಾಡುವನೆಂದು ಭಾವಿಸುವುದು ವಾಡಿಕೆ. ಇದು ಅರ್ಧ ಮಾತ್ರ ನಿಜ. ಮಂಡಿಯ ಮಾಲನ್ನು ಕೊಂಡು ಜಯನಗರ, ಬನಶಂಕರಿ ಮೊದಲಾದ ಬಡಾವಣೆಗಳ ಮನೆಬಾಗಿಲಿಗೆ ಒಯ್ಯುವವರಲ್ಲಿ ತಳ್ಳುಗಾಡಿಯವರೂ ಬುಟ್ಟಿ ಹೊತ್ತ ಹೆಂಗಸರೂ ಬಹುಮಂದಿ ಇರುವರು. ಇವರು ಎಷ್ಟು ಕೊಳ್ಳಬಲ್ಲರೆಂಬುದರ ಮೇಲೆಯೂ ಬೆಲೆಯು ನಿಂತಿರುತ್ತದೆ.

ಕನಕಪುರ, ಆನೇಕಲ್ಲು, ಮಾಲೂರುಗಳ ಕಡೆಯಿಂದ ಕೊತ್ತಂಬರಿ, ದಂಟು, ಸಬ್ಬಸಿಗೆಗಳು ಮೂಟೆಗಟ್ಟಲೆ ಕಲಾಸಿಪಾಳ್ಯಕ್ಕೂ ಕೃಷ್ಣರಾಜೇಂದ್ರ ಮಾರುಕಟ್ಟೆಗೂ ಬರುತ್ತವೆ. ಗೃಹಿಣಿಗೆ ಬೇಕಾದುದು ಒಂದು ಹಿಡಿ. ರಾಶಿಯನ್ನು ಹಿಡಿಯಾಗಿ ಒಡೆಯುವುದೇ ಸಣ್ಣ ವ್ಯಾಪಾರಿಯ ಕಸುಬು. ಸಂಜೆಗೆ ಬಾಡಿ ಉಳಿದ ಸೊಪ್ಪು ಅವರ ನಷ್ಟವೇ ಹೊರತು ರೈತನದಲ್ಲ.

ಇವರಿಗೆ ದೊಡ್ಡ ಕೊರತೆ ಬಂಡವಾಳದ್ದು. ಬೆಳಿಗ್ಗೆ 900 ರೂಪಾಯಿ ಪಡೆದು ಸಂಜೆ 1,000 ರೂಪಾಯಿ ಹಿಂದಿರುಗಿಸುವ ದಿನದ ಸಾಲವುಂಟು. ಮೂವತ್ತು ದಿನ ಹೀಗೆ ನಡೆದರೆ ಬಡ್ಡಿಯೇ 3,000 ರೂಪಾಯಿ. ಅದೇ 900 ರೂಪಾಯಿಗೆ ವರ್ಷಕ್ಕೆ ನೂರಕ್ಕೆ 12ರ ದರದಲ್ಲಿ ತಿಂಗಳ ಬಡ್ಡಿ 9 ರೂಪಾಯಿ ಮಾತ್ರ. ಮಿಕ್ಕ 2,991 ರೂಪಾಯಿ ವ್ಯಾಪಾರಿಯ ಕೈಯಲ್ಲಿಯೇ ಉಳಿದಿದ್ದರೆ, ಅದು ಮಂಡಿಗೆ ಬಂದು ಸೊಪ್ಪನ್ನು ಕೊಳ್ಳುತ್ತಿತ್ತು. ರೈತನು ಕಾಣದೆ ಕಳೆದುಕೊಳ್ಳುವ ಹಣವಿದು.

2018ರಲ್ಲಿ ಕರ್ನಾಟಕ ಸರ್ಕಾರವು ಬಡವರ ಬಂಧು ಯೋಜನೆಯ ಮೂಲಕ 10,000 ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲವನ್ನು ಏರ್ಪಡಿಸಿತು. 2020ರಲ್ಲಿ ಕೇಂದ್ರ ಸರ್ಕಾರದ ಪಿ.ಎಂ. ಸ್ವನಿಧಿ ಯೋಜನೆಯು ಮೊದಲ ಸಾಲಕ್ಕೆ ಅಷ್ಟೇ ಮೊತ್ತವನ್ನು ಗೊತ್ತುಮಾಡಿ, ಜಾಮೀನನ್ನು ಕೇಳಲಿಲ್ಲ. ಸುತ್ತಲಿನ ಗ್ರಾಮಗಳಿಂದ ಬಂದು ನಗರದ ಎಲ್ಲೆಯೊಳಗೆ ಮಾರುವವರನ್ನೂ ಅದರಲ್ಲಿ ಸೇರಿಸಲಾಯಿತೆಂಬ ಅಂಶವನ್ನು ಗ್ರಾಮದ ಮುಖಂಡರು ವಿಶೇಷವಾಗಿ ಗಮನಿಸತಕ್ಕದ್ದು. ಅಂಥವರು ಪ್ರತಿ ಊರಿನಲ್ಲಿಯೂ ಒಬ್ಬಿಬ್ಬರಾದರೂ ಇರುವರು. ಕಾಗದಪತ್ರಗಳಿಗೆ ಅಂಜಿ ಬ್ಯಾಂಕಿನ ಕಡೆಗೆ ಸುಳಿಯರು.

ಬಂಡವಾಳದಷ್ಟೇ ಮುಖ್ಯವಾದುದು ನಿಲ್ಲಲು ಜಾಗ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಮೇರೆಗೆ, ಸಮೀಕ್ಷೆ ಮುಗಿದು ಪ್ರಮಾಣಪತ್ರಗಳನ್ನು ಕೊಡುವವರೆಗೆ ವ್ಯಾಪಾರಿಗಳನ್ನು ಎಬ್ಬಿಸತಕ್ಕದ್ದಲ್ಲ. ಪಾದಚಾರಿಗಳಿಗೆ ದಾರಿ ಬೇಕೆಂಬುದೂ ನ್ಯಾಯವೇ. ಆದರೆ ಗಾಡಿಯನ್ನು ಹಿಡಿದೊಯ್ದ ದಿನ, ಆ ಗಾಡಿಗೆ ಏರಬೇಕಾಗಿದ್ದ ಸೊಪ್ಪು ಮಂಡಿಯಲ್ಲಿಯೇ ಬಾಡುವುದು.

ರೈತರೂ ಮಾಡಬೇಕಾದುದುಂಟು. ಸೊಪ್ಪನ್ನು ಸಂಜೆಯ ತಂಪಿನಲ್ಲಿ ಕಿತ್ತು, ಬೇರಿನ ಮಣ್ಣನ್ನು ಕೊಡವಿ, ಹಳದಿ ಎಲೆಗಳನ್ನು ತೆಗೆದು, ಕಟ್ಟುಗಳನ್ನು ಒಂದೇ ಗಾತ್ರಕ್ಕೆ ಕಟ್ಟಬೇಕು. ಹೊರಗೆ ಹಸುರಾಗಿ ಒಳಗೆ ಕೊಳೆತ ಕಟ್ಟನ್ನು ಒಮ್ಮೆ ಕೊಂಡ ಹೆಂಗಸು ಮರುದಿನ ಆ ರಾಶಿಯನ್ನು ಬಿಟ್ಟು ಮುಂದಕ್ಕೆ ಹೋಗುವಳು.