ಹಾಜರಿ ಪುಸ್ತಕದಲ್ಲಿ ಕಂಡ ಕಾಯಿಲೆ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರ ಲೆಕ್ಕ ಪರಿಶೋಧಿಸುವಾಗ, ಖಾನಾಪುರದಿಂದ ಬರುವ ನುರಿತ ಮೋಲ್ಡರ್ ಒಬ್ಬರು ಸೋಮವಾರಗಳಂದೇ ಗೈರುಹಾಜರಾಗುತ್ತಿದ್ದುದು ಕಂಡುಬಂದಿತು. ಮಾಲೀಕರು ವಜಾ ಪತ್ರವನ್ನು ಸಿದ್ಧಪಡಿಸಿದ್ದರು. ಮದ್ಯವ್ಯಸನವು ಕಾಯಿಲೆಯೆಂಬುದನ್ನು ನಮ್ಮ ಉದ್ದಿಮೆದಾರರು ಇನ್ನೂ ಒಪ್ಪಿದಂತಿಲ್ಲ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು, ಕುಡಿತ ನಿಲ್ಲಲಿಲ್ಲ.

ಬಹುಕಾಲ ಕುಡಿದವರು ಹಠಾತ್ತನೆ ಬಿಟ್ಟರೆ ನಡುಕ, ಫಿಟ್ಸ್, ಸನ್ನಿ ಉಂಟಾಗಬಹುದು. ಆದ್ದರಿಂದ ಮೊದಲ ದಿನಗಳು ವೈದ್ಯರ ನಿಗಾದಲ್ಲಿ ಕಳೆಯತಕ್ಕವು. ಅನಂತರ ನಾಲ್ಟ್ರೆಕ್ಸೋನ್ ಅಥವಾ ಅಕಾಂಪ್ರೊಸೇಟ್ ಮಾತ್ರೆಯು ಮತ್ತೆ ಕುಡಿತಕ್ಕೆ ಮರಳದಂತೆ ನೆರವಾಗುತ್ತದೆ. ಪಗಾರದ ಸಂಜೆ ಗೆಳೆಯರು ಕರೆದಾಗ ಏನು ಹೇಳಬೇಕೆಂಬುದನ್ನು ಮಾತ್ರೆ ಕಲಿಸದು. ಅದು ಆಪ್ತಸಮಾಲೋಚನೆಯ ಕೆಲಸ. ಡೈಸಲ್ಫಿರಾಮ್ ಮಾತ್ರೆಯನ್ನು ಮನೆಯವರು ಊಟದಲ್ಲಿ ಗುಟ್ಟಾಗಿ ಬೆರೆಸುವುದುಂಟು. ಅರಿಯದೆ ಕುಡಿದರೆ ಜೀವಕ್ಕೇ ಅಪಾಯ.

ಖಾನಾಪುರದ ಹಳ್ಳಿಯವನು ವಾರವಾರ ಸಮಾಲೋಚಕರನ್ನು ಕಾಣಲು ಒಂದು ದಿನದ ಕೂಲಿ ಕಳೆದುಕೊಳ್ಳಬೇಕು. ಅಮೆರಿಕದಲ್ಲಿ 1,383 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವು ಇಲ್ಲಿ ಆಶಾದಾಯಕ: ವಿಶೇಷ ಸಮಾಲೋಚನೆಯಿಲ್ಲದೆಯೂ, ನಾಲ್ಟ್ರೆಕ್ಸೋನ್ ಜೊತೆಗೆ ವೈದ್ಯಕೀಯ ಸಿಬ್ಬಂದಿಯ ನಿಯತ ಭೇಟಿ, ತಿಳಿಹೇಳಿಕೆ ಇದ್ದಾಗ ಫಲ ಕಂಡಿತು.

ಇನ್ನು ಖರ್ಚಿನ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ, ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯೆಂದು ಪರಿಗಣಿಸಿದೆ. 21ನೇ ಕಲಮಿನಂತೆ ಇವಕ್ಕೂ ದೈಹಿಕ ಕಾಯಿಲೆಗಳಂತೆಯೇ ವಿಮೆ ದೊರೆಯಬೇಕು. ಆದರೂ ವ್ಯಸನ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಪಾಲಿಸಿಗಳಲ್ಲಿ ಕಾಣಸಿಗುತ್ತದೆ. ಗುಂಪು ವಿಮೆಯನ್ನು ನವೀಕರಿಸುವ ಮುನ್ನ ಸದಸ್ಯರು ಆ ಪುಟವನ್ನು ಓದಿ ಪ್ರಶ್ನಿಸತಕ್ಕದ್ದು.

ಆ ಮಾಲೀಕರು ಪತ್ರವನ್ನು ಕಳುಹಿಸದೆ, ವೈದ್ಯರ ಭೇಟಿಗೆಂದು ತಿಂಗಳಿಗೆ ಎರಡು ಅರ್ಧದಿನದ ಸವೇತನ ರಜೆ ಕೊಟ್ಟರು. ಕಳೆದ ತ್ರೈಮಾಸಿಕದಲ್ಲಿ ತಪ್ಪಿದ ಸೋಮವಾರಗಳು ಎರಡು.