ಮೂರು ಊರು, ಮೂರು ಮದ್ದಳೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಮದ್ದಳೆಯ ನಾದವನ್ನು ಪರಿಚಯಿಸಬೇಕಾದುದಿಲ್ಲ. ಆದರೆ ಸ್ವಂತಕ್ಕೆ ಮದ್ದಳೆ ಮಾಡಿಸಿಕೊಳ್ಳಲು ಹೊರಟ ತರುಣನ ಮುಂದೆ ಕಠಿನವಾದ ಪ್ರಶ್ನೆಯೊಂದು ನಿಲ್ಲುತ್ತದೆ. ಒಂದೇ ರಾತ್ರಿಯ ಆಟದಲ್ಲಿ ಒಬ್ಬ ಭಾಗವತರದು ಹಾರ್ಮೋನಿಯಮಿನ ಕಪ್ಪು ಒಂದರ ಶ್ರುತಿಯಾದರೆ, ಬಳಿಕ ಕುಳಿತವರದು ಕಪ್ಪು ಮೂರು. ಒಂದೇ ಮದ್ದಳೆ ಎರಡಕ್ಕೂ ಒದಗೀತೆ? ಮುಚ್ಚಿಗೆ ನಡುರಾತ್ರಿ ಬಿರಿದರೆ ಆಟವೇ ಕೆಡುತ್ತದೆ.

ಮೊದಲು ಈ ವಾದ್ಯ ಹಾಡುವ ಬಗೆಯನ್ನು ತಿಳಿಯೋಣ. ಬರಿಯ ತೊಗಲನ್ನು ವೃತ್ತಾಕಾರದ ಚೌಕಟ್ಟಿಗೆ ಬಿಗಿದು ಬಡಿದರೆ ಹುಟ್ಟುವ ಕಂಪನಗಳ ಪ್ರಮಾಣ 1, 1.59, 2.14, 2.30, 2.65 ಎಂದು ಮುಂದುವರಿಯುತ್ತದೆ. ಇವು ಒಂದಕ್ಕೊಂದು ಹೊಂದದ ಸಂಖ್ಯೆಗಳು. ಆದುದರಿಂದಲೇ ಸಾಮಾನ್ಯವಾದ ಡೋಲಿನಿಂದ ಸದ್ದು ಬರುತ್ತದೆ, ಸ್ವರ ಬರುವುದಿಲ್ಲ. ನಮ್ಮ ಮೃದಂಗ, ತಬಲಗಳ ಮಾತು ಬೇರೆ ಎಂಬುದನ್ನು 1920ರಲ್ಲಿ ಸಿ. ವಿ. ರಾಮನ್ನರೂ ಶಿವಕಾಳಿ ಕುಮಾರರೂ 'ನೇಚರ್' ಪತ್ರಿಕೆಯಲ್ಲಿ ತಿಳಿಸಿದರು. 1934ರಲ್ಲಿ ಬೆಂಗಳೂರಿನಲ್ಲಿದ್ದಾಗ ರಾಮನ್ನರು ಅದನ್ನೇ ವಿಸ್ತರಿಸಿ ಬರೆದರು. ಮುಚ್ಚಿಗೆಯ ಮೇಲೆ ನಯವಾದ ಮರಳನ್ನು ಉದುರಿಸಿ ನುಡಿಸಿದರೆ, ಅಲುಗದ ಗೆರೆಗಳಲ್ಲಿ ಮರಳು ಬಂದು ನಿಲ್ಲುತ್ತದೆ. ಹೀಗೆ ನೋಡಿದಾಗ ಒಂಬತ್ತು ಬಗೆಯ ಕಂಪನಗಳು ಕೇವಲ ಐದು ಸ್ವರಗಳಲ್ಲಿ ಗುಂಪುಗೂಡಿದ್ದುವು. ಅವುಗಳ ಪ್ರಮಾಣ 1, 2, 3, 4, 5.

ಈ ಪವಾಡವನ್ನು ಮಾಡುವುದು ಕರಣೆ. ಅನ್ನದ ಅಂಟಿಗೆ ಕಬ್ಬಿಣದಂಶವುಳ್ಳ ಕರಿಯ ಪುಡಿಯನ್ನು ಕಲಸಿ, ತೆಳುವಾಗಿ ಹಚ್ಚಿ, ಒಣಗಿಸಿ, ಕಲ್ಲಿನಿಂದ ಉಜ್ಜಿ, ಮತ್ತೆ ಹಚ್ಚುತ್ತಾರೆ. ಪದರ ಏರಿದಂತೆ ವೃತ್ತ ಕಿರಿದಾಗುವುದರಿಂದ ನಡುವೆ ಭಾರ ಹೆಚ್ಚು, ಅಂಚಿನ ಕಡೆಗೆ ಕಡಿಮೆ. ಉಜ್ಜುವಾಗ ಕರಣೆಯಲ್ಲಿ ಸೂಕ್ಷ್ಮವಾದ ಬಿರುಕುಗಳೇಳುತ್ತವೆ. ಅವು ದೋಷವಲ್ಲ, ಗುಣ. ಅವುಗಳಿಂದಾಗಿ ತೊಗಲಿಗೆ ಭಾರ ಸೇರುತ್ತದೆಯೇ ಹೊರತು ಪೆಡಸುತನ ಸೇರುವುದಿಲ್ಲ. ಮೂಲಸ್ವರದಲ್ಲಿ ಅತ್ಯಂತ ಹೆಚ್ಚಾಗಿ ಅಲುಗುವುದು ಮುಚ್ಚಿಗೆಯ ಕೇಂದ್ರ. ಅಲ್ಲಿ ಭಾರವಿಟ್ಟರೆ ಆ ಸ್ವರ ಬಹಳವಾಗಿ ತಗ್ಗುತ್ತದೆ. ಎರಡನೆಯ ಕಂಪನದಲ್ಲಿ ವ್ಯಾಸರೇಖೆಯೊಂದು ನಿಶ್ಚಲ, ಅದರೊಡನೆ ಕೇಂದ್ರವೂ ನಿಶ್ಚಲ. ಆದುದರಿಂದ ಅದು ಅಷ್ಟಾಗಿ ತಗ್ಗದು. ಇವೆರಡರ ನಡುವಿನ 1.59 ಹೀಗೆ ಹಿಗ್ಗಿ 2 ಆಗುತ್ತದೆ. ರೇಲೀ ಮಹಾಶಯರ ಗಣಿತವನ್ನು ಓದದ ಕುಶಲಿಗಳು ಕಿವಿಯೊಂದನ್ನೇ ನಂಬಿ ಇದನ್ನು ಸಾಧಿಸಿದರಲ್ಲ! ಭೌತಶಾಸ್ತ್ರವನ್ನು ಕಲಿಸುವವರು ಇಲ್ಲಿ ತುಸು ತಲೆಬಾಗುವುದು ಒಳ್ಳೆಯದು.

ಇನ್ನು ತರುಣನ ಪ್ರಶ್ನೆ. ಕಪ್ಪು ಒಂದು ಎಂದರೆ ಸೆಕೆಂಡಿಗೆ ಸುಮಾರು 277 ಕಂಪನ. ಕಪ್ಪು ಮೂರು, ಸುಮಾರು 370. ಸ್ವರ 1.33 ಪಾಲು ಏರಬೇಕಾದರೆ ಬಿಗಿತ ಅದರ ವರ್ಗದಷ್ಟು, ಅಂದರೆ 1.78 ಪಾಲು ಏರಬೇಕು. ಒಂದೇ ತೊಗಲಿನ ಮೇಲೆ ನೂರಕ್ಕೆ 78ರಷ್ಟು ಹೆಚ್ಚು ಎಳೆತ! ಕೆಳಗಿನ ಶ್ರುತಿಯಲ್ಲಿ ಅದು ಜೋಲು, ಮೇಲಿನದರಲ್ಲಿ ಬಿರಿಯುವ ಭಯ. ಅದರ ಬದಲು ಒಂದು ಮದ್ದಳೆಯನ್ನು ಬಿಳಿ ಎರಡಕ್ಕೂ ಇನ್ನೊಂದನ್ನು ಬಿಳಿ ನಾಲ್ಕಕ್ಕೂ ಮಾಡಿಸಿ, ಪ್ರತಿಯೊಂದನ್ನೂ ಅರ್ಧ ಸ್ವರದಷ್ಟು ಮಾತ್ರ ಮೇಲೆ ಕೆಳಗೆ ಮಾಡಿದರೆ, ಕಪ್ಪು ಒಂದರಿಂದ ಕಪ್ಪು ಮೂರರವರೆಗಿನ ಶ್ರುತಿಗಳೆಲ್ಲವೂ ದೊರೆಯುತ್ತವೆ. ಆಗ ಯಾವ ಮುಚ್ಚಿಗೆಯ ಬಿಗಿತವೂ ಒಂದು ತುದಿಯಿಂದ ಇನ್ನೊಂದಕ್ಕೆ ನೂರಕ್ಕೆ 26ಕ್ಕಿಂತ ಹೆಚ್ಚು ಬದಲಾಗದು. ಲೀಲಾವತಿ ಬೈಪಾಡಿತ್ತಾಯರಂಥ ಭಾಗವತೆಯರು ರಂಗಕ್ಕೆ ಬಂದ ಮೇಲೆ ಸ್ತ್ರೀಕಂಠಕ್ಕೂ ಹಿಮ್ಮೇಳ ಒದಗಬೇಕಾಯಿತು. ಅಂಥ ಎತ್ತರದ ಶ್ರುತಿಗಳಿಗೆ, ಬಿಳಿ ಐದು ಮತ್ತು ಅದರ ಮೇಲಿನವಕ್ಕೆ, ಮೂರನೆಯದೊಂದು ಬೇಕು. ಹಣ ಸಾಲದವನು ಮೊದಲಿನ ಎರಡನ್ನು ಮಾಡಿಸಲಿ. ಎಲ್ಲಕ್ಕೂ ಒದಗುವ ಒಂದನ್ನು ಹುಡುಕುವುದು ವ್ಯರ್ಥ.

ಎರಡನೆಯದರ ಅಳತೆ ಎಷ್ಟಿರಬೇಕು? ತೊಗಲೂ ಬಿಗಿತವೂ ಒಂದೇ ಆಗಿದ್ದರೆ ಸ್ವರವು ವ್ಯಾಸಕ್ಕೆ ವಿಲೋಮವಾಗಿರುತ್ತದೆ. ಬಿಳಿ ಎರಡರ ಮುಚ್ಚಿಗೆ 7 ಅಂಗುಲವೆಂದು ಇಟ್ಟುಕೊಂಡರೆ ಬಿಳಿ ನಾಲ್ಕರದು ಸುಮಾರು 5.9 ಅಂಗುಲ. ಇಲ್ಲಿ ಮರೆಯಬಾರದ ಮಾತೊಂದುಂಟು: ಕರಣೆಯ ಅಗಲವನ್ನೂ ಅದೇ ಪ್ರಮಾಣದಲ್ಲಿ ಕುಗ್ಗಿಸಬೇಕು, ದಪ್ಪವನ್ನು ಮಾತ್ರ ಇದ್ದಂತೆಯೇ ಬಿಡಬೇಕು. ಇಲ್ಲವಾದರೆ ಶ್ರುತಿ ಸೇರಿದರೂ 1, 2, 3ರ ಹೊಂದಿಕೆ ಒಡೆದು ನಾದ ಒರಟಾಗುತ್ತದೆ. ಒಡಲಿಗೆ ಹಲಸಿನ ಮರವಿರಲಿ.

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದರೂ ಮಳೆಗಾಲದಲ್ಲಿ ತಾಳಮದ್ದಳೆ ನಡೆದೇ ಇರುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ ತೊಗಲು ತೇವವನ್ನು ಹೀರಿ, ತೂಕವೇರಿ, ಸಡಿಲಾಗುತ್ತದೆ. ಎರಡೂ ಕಾರಣಗಳಿಂದ ಶ್ರುತಿ ಇಳಿಯುತ್ತದೆ. ಬೆಂಕಿಯ ಮುಂದೆ ಹಿಡಿದರೆ ತೊಗಲು ಬೇಗನೆ ಬಿಗಿಯುವುದು ನಿಜ, ಆದರೆ ಕರಣೆ ಕಿತ್ತುಬರುವ ಅಪಾಯವಿದೆ. ಮುಚ್ಚಿದ ಮರದ ಪೆಟ್ಟಿಗೆಯಲ್ಲಿ, ವಾದ್ಯಕ್ಕೆ ತಾಗದಂತೆ, ಶಾಖ ಕೊಡುವ ಹಳೆಯ ಬಗೆಯ ಸಣ್ಣ ವಿದ್ಯುದ್ದೀಪವೊಂದನ್ನು ಉರಿಸಿದರೆ ಸಾಕು. ಹೊರಗಿನ ಗಾಳಿ 26 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದು ಅದರ ಆರ್ದ್ರತೆ ನೂರಕ್ಕೆ 95 ಇರುವಾಗ, ಪೆಟ್ಟಿಗೆಯೊಳಗಣ ಗಾಳಿ 31 ಡಿಗ್ರಿಗೆ ಏರಿದರೆ ಆರ್ದ್ರತೆ ಸುಮಾರು 71ಕ್ಕೆ ಇಳಿಯುತ್ತದೆ. ವಾದ್ಯವನ್ನು ಹೊರತೆಗೆದೊಡನೆ ಶ್ರುತಿಗೂಡಿಸದೆ, ಚಾವಡಿಯ ಗಾಳಿಯಲ್ಲಿ ಅರ್ಧ ತಾಸು ಇರಿಸಿ, ಆಮೇಲೆ ಸುತ್ತಿಗೆಯನ್ನು ಎತ್ತಿಕೊಳ್ಳಬೇಕು.