ದಾದಿಯರ ಕಾಯಕದಲ್ಲಿ ಭೌತಶಾಸ್ತ್ರ

ವೈದ್ಯರು ರೋಗವನ್ನು ಗುರುತಿಸಿ ಔಷಧವನ್ನು ಸೂಚಿಸುತ್ತಾರೆ. ಆದರೆ ಹಗಲಿರುಳೂ ರೋಗಿಯ ಬಳಿಯಿದ್ದು, ಆ ಔಷಧವು ಸಕಾಲದಲ್ಲಿ ಸರಿಯಾದ ಪ್ರಮಾಣದಲ್ಲಿ ದೇಹವನ್ನು ಸೇರುವಂತೆ ನೋಡಿಕೊಳ್ಳುವವರು ದಾದಿಯರು. ಶುಶ್ರೂಷೆಯೆಂದರೆ ಕರುಣೆ, ತಾಳ್ಮೆ, ಮೃದುವಾದ ಮಾತು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇವು ಅವಶ್ಯವೇ ಸರಿ. ಆದರೆ ಬಲ, ಒತ್ತಡ, ವೇಗಗಳನ್ನು ಅನುದಿನವೂ ಗಮನಿಸಬೇಕಾದ ವೃತ್ತಿಯೂ ಅದಾಗಿದೆ. ಪ್ರೌಢಶಾಲೆಯ ಪಠ್ಯದಲ್ಲಿ ನಾವು ಓದುವ ಮೂರು ಸರಳ ನಿಯಮಗಳು ರೋಗಿಯ ಹಾಸಿಗೆಯ ಬಳಿ ಹೇಗೆ ವ್ಯಕ್ತವಾಗುತ್ತವೆಂಬುದನ್ನು ಇಲ್ಲಿ ವಿಚಾರಿಸೋಣ.

ಎಣಿಕೆಯು ಈ ವೃತ್ತಿಗೆ ಹೊಸದಲ್ಲ. ಆಧುನಿಕ ಶುಶ್ರೂಷೆಗೆ ತಳಹದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗಾಗಿ ತುರ್ಕಿಯ ಸ್ಕುಟಾರಿಗೆ ಹೋದರು. ಸೈನಿಕರಲ್ಲಿ ಹೆಚ್ಚಿನವರು ಸತ್ತದ್ದು ಗಾಯಗಳಿಂದಲ್ಲ, ತಡೆಗಟ್ಟಬಹುದಾಗಿದ್ದ ರೋಗಗಳಿಂದ ಎಂಬುದನ್ನು ಆಕೆ ಅಂಕಿಅಂಶಗಳ ಚಿತ್ರಗಳ ಮೂಲಕ ತೋರಿಸಿಕೊಟ್ಟರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ಸದಸ್ಯೆಯನ್ನಾಗಿ ಆರಿಸಿತು. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆ ಪ್ರಾರಂಭವಾಯಿತು.

ಹಾಸಿಗೆ ಹುಣ್ಣು

ಒತ್ತಡವೆಂದರೆ ಏಕಮಾನ ವಿಸ್ತೀರ್ಣದ ಮೇಲೆ ಬೀಳುವ ಬಲ. 60 ಕಿಲೋಗ್ರಾಂ ತೂಕದ ರೋಗಿಯೊಬ್ಬನು ಅಂಗಾತ ಮಲಗಿದ್ದಾನೆ, ಹಾಸಿಗೆಗೆ ತಗಲಿರುವ ಆತನ ಮೈಯ ವಿಸ್ತೀರ್ಣ 4,000 ಚದರ ಸೆಂಟಿಮೀಟರು ಎಂದು ಭಾವಿಸೋಣ. ಆಗ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ 15 ಗ್ರಾಂ. ಅಂದರೆ ಸುಮಾರು 11 ಮಿಲಿಮೀಟರ್ ಪಾದರಸದ ಒತ್ತಡ. ಇದು ಅಲ್ಪವೇ. ಆದರೆ ಭಾರವು ಎಲ್ಲೆಡೆಯೂ ಸಮನಾಗಿ ಹಂಚಿಹೋಗುವುದಿಲ್ಲ. ಬೆನ್ನಿನ ಕೆಳತುದಿ, ಹಿಮ್ಮಡಿ, ಭುಜದ ಎಲುಬು ಮೊದಲಾದ ಉಬ್ಬುಗಳಲ್ಲಿ ಅದು ಕೇಂದ್ರೀಕರಿಸುತ್ತದೆ. ಅಲ್ಲಿಯ ಒತ್ತಡವು ಸರಾಸರಿಯ ನಾಲ್ಕು ಪಟ್ಟಾದರೆ 44 ಮಿಲಿಮೀಟರ್ ಆಯಿತು.

ಚರ್ಮಕ್ಕೆ ಆಹಾರವನ್ನೂ ಆಮ್ಲಜನಕವನ್ನೂ ಒಯ್ಯುವ ಲೋಮನಾಳಗಳಲ್ಲಿ ರಕ್ತದ ಒತ್ತಡವೆಷ್ಟು? 1930ರಲ್ಲಿ ಲ್ಯಾಂಡಿಸ್ ಎಂಬ ವಿಜ್ಞಾನಿಯು ಉಗುರಿನ ಬುಡದ ಲೋಮನಾಳಗಳಲ್ಲಿ ಅಳೆದಾಗ, ರಕ್ತವು ಒಳಬರುವ ತುದಿಯಲ್ಲಿ ಸರಾಸರಿ 32 ಮಿಲಿಮೀಟರ್ ಕಂಡುಬಂದಿತು. ಹೊರಗಿನ ಒತ್ತಡ ಇದನ್ನು ಮೀರಿದರೆ ನಾಳಗಳು ಚಪ್ಪಟೆಯಾಗಿ ರಕ್ತಸಂಚಾರ ಕುಂಠಿತವಾಗುವ ಸಂಭವವುಂಟು. ಆರೋಗ್ಯವಂತರಾದ ನಾವು ನಿದ್ರೆಯಲ್ಲಿಯೂ ಅರಿವಿಲ್ಲದೆಯೇ ಮಗ್ಗುಲು ಬದಲಿಸುತ್ತೇವೆ. ಪಾರ್ಶ್ವವಾಯು ಪೀಡಿತನಿಗೆ, ಪ್ರಜ್ಞೆ ತಪ್ಪಿದವನಿಗೆ ಅದು ಸಾಧ್ಯವಿಲ್ಲ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಉಳಿದರೆ ಆ ಭಾಗದ ಮಾಂಸವು ಕೊಳೆತು ಹುಣ್ಣಾಗುತ್ತದೆ. ಕೆಲವೊಮ್ಮೆ ಅದು ಎಲುಬಿನವರೆಗೂ ಇಳಿದು, ನಂಜೇರಿ ಪ್ರಾಣಕ್ಕೇ ಎರವಾಗುತ್ತದೆ. ಆದುದರಿಂದಲೇ ಇಂತಹ ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವ ಪದ್ಧತಿ ಬಳಕೆಗೆ ಬಂದಿದೆ. ಆತನನ್ನು ಹಾಸಿಗೆಯ ಮೇಲೆ ಎಳೆಯಲೂಬಾರದು. ಘರ್ಷಣೆಯಿಂದ ಮೇಲಿನ ಚರ್ಮ ಅಲ್ಲಿಯೇ ನಿಂತು ಒಳಗಿನ ಎಲುಬು ಮಾತ್ರ ಸರಿದಾಗ, ನಡುವಿನ ರಕ್ತನಾಳಗಳು ಜಗ್ಗಿ ಹರಿಯುತ್ತವೆ.

ಹನಿಗಳ ಲೆಕ್ಕ

ನರದ ಮೂಲಕ ದ್ರವವನ್ನು ಕೊಡುವ ಡ್ರಿಪ್ಪನ್ನು ನೋಡದವರು ವಿರಳ. 1 ಲೀಟರ್ ದ್ರವವನ್ನು 8 ಗಂಟೆಗಳಲ್ಲಿ ಕೊಡಬೇಕೆಂದು ವೈದ್ಯರು ಬರೆದಿದ್ದಾರೆನ್ನೋಣ. ಸಾಮಾನ್ಯ ಬಗೆಯ ಒಂದು ನಳಿಕೆಯಲ್ಲಿ 1 ಮಿಲಿಲೀಟರಿಗೆ 20 ಹನಿಗಳು. ಅಂದರೆ 20,000 ಹನಿಗಳನ್ನು 480 ನಿಮಿಷಗಳಿಗೆ ಹಂಚಬೇಕು. ನಿಮಿಷಕ್ಕೆ ಸುಮಾರು 42 ಹನಿ. ಮಕ್ಕಳಿಗಾಗಿ ಬಳಸುವ ಸೂಕ್ಷ್ಮ ನಳಿಕೆಯಲ್ಲಾದರೋ ಮಿಲಿಲೀಟರಿಗೆ 60 ಹನಿಗಳು. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಬಳಸಿದರೆ ಮೂರು ಪಟ್ಟಿನ ವ್ಯತ್ಯಾಸವಾಗುವುದು. ಹಸುಳೆಯ ಪಾಲಿಗೆ ಇದು ಜೀವನ್ಮರಣದ ಪ್ರಶ್ನೆ.

ಒಮ್ಮೆ ಹೊಂದಿಸಿದರೆ ಕೆಲಸ ಮುಗಿಯಿತೇ? ಇಲ್ಲ. ದ್ರವವನ್ನು ಒಳನೂಕುವುದು ಗುರುತ್ವವೇ. ಚೀಲವು ತೋಳಿಗಿಂತ 1 ಮೀಟರ್ ಎತ್ತರದಲ್ಲಿದ್ದರೆ ಸುಮಾರು 74 ಮಿಲಿಮೀಟರ್ ಪಾದರಸದ ಒತ್ತಡ ದೊರೆಯುತ್ತದೆ. ರೋಗಿ ಎದ್ದು ಕುಳಿತರೆ ಈ ಎತ್ತರ ಕುಗ್ಗುತ್ತದೆ. ತೋಳನ್ನು ಮಡಿಸಿದರೆ ನಾಳವು ಅದುಮಿಹೋಗುತ್ತದೆ. ಚೀಲವನ್ನು ತೋಳಿಗಿಂತ ಕೆಳಗಿಳಿಸಿದರೆ ರಕ್ತವೇ ನಳಿಕೆಯೊಳಕ್ಕೆ ಹಿಮ್ಮರಳಬಹುದು. ಆದುದರಿಂದ ದಾದಿಯು ಗಡಿಯಾರ ಹಿಡಿದು ಮತ್ತೆ ಮತ್ತೆ ಬಂದು ಹನಿಗಳನ್ನು ಎಣಿಸಬೇಕಾಗುತ್ತದೆ.

ಬೆನ್ನೆಂಬ ಸನ್ನೆ

ಇನ್ನು ದಾದಿಯ ದೇಹದ ವಿಚಾರ. ಬಗ್ಗಿ ಭಾರವನ್ನು ಎತ್ತುವಾಗ ನಮ್ಮ ಬೆನ್ನು ಒಂದು ಸನ್ನೆಯಂತೆ ವರ್ತಿಸುತ್ತದೆ. ಸೊಂಟದ ಬಳಿಯ ಬೆನ್ನೆಲುಬಿನ ಕೀಲೇ ಆಧಾರಬಿಂದು. ಬೆನ್ನಿನ ಸ್ನಾಯುಗಳು ಅದರಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿವೆ. ಕೈಯಲ್ಲಿನ ಭಾರವು 40 ಸೆಂಟಿಮೀಟರ್ ದೂರದಲ್ಲಿದೆಯೆಂದು ಇಟ್ಟುಕೊಳ್ಳೋಣ. ಆಗ 20 ಕಿಲೋಗ್ರಾಂ ಭಾರವನ್ನು ತಡೆಯಲು ಸ್ನಾಯುಗಳು ಅದರ ಎಂಟು ಪಟ್ಟು, ಅಂದರೆ 160 ಕಿಲೋಗ್ರಾಂ ತೂಕದಷ್ಟು ಬಲದಿಂದ ಸೆಳೆಯಬೇಕು. ಬಾಗಿದ ಮುಂಡದ ಭಾರ ಬೇರೆ. ಈ ಬಲವೆಲ್ಲ ಬೆನ್ನೆಲುಬಿನ ನಡುವಣ ಮೆತ್ತನೆಯ ಬಿಲ್ಲೆಗಳನ್ನು ಅದುಮುತ್ತದೆ. ರೋಗಿಯನ್ನು ಕೈಯಿಂದ ಎತ್ತುವಾಗ ಭಾರವು ಸುಮಾರು 16 ಕಿಲೋಗ್ರಾಮನ್ನು ಮೀರಬಾರದೆಂದು ಅಮೆರಿಕದ ತಜ್ಞ ಥಾಮಸ್ ವಾಟರ್ಸ್ 2007ರಲ್ಲಿ ಸೂಚಿಸಿದರು. ವಯಸ್ಕ ರೋಗಿಯ ಒಂದು ಕಾಲನ್ನು ಎತ್ತಿದರೂ ಈ ಮಿತಿಯ ಹತ್ತಿರಕ್ಕೆ ಬರಬಹುದು! ಮಂಚವನ್ನು ಸೊಂಟದ ಮಟ್ಟಕ್ಕೆ ಏರಿಸುವುದು, ರೋಗಿಗೆ ಸಮೀಪವಾಗಿ ನಿಲ್ಲುವುದು, ಜಾರುಬಟ್ಟೆಯನ್ನು ಬಳಸಿ ಘರ್ಷಣೆಯನ್ನು ತಗ್ಗಿಸುವುದು, ಇಬ್ಬರು ಕೂಡಿ ಕೆಲಸ ಮಾಡುವುದು ಇವೇ ಪರಿಹಾರಗಳು.

ಈಗ ಒಂದು ಲೆಕ್ಕ ಹಾಕೋಣ. ಒಂದು ವಾರ್ಡಿನಲ್ಲಿ ರಾತ್ರಿ 12 ಗಂಟೆಗಳ ಪಾಳಿಗೆ ಇಬ್ಬರು ದಾದಿಯರು. ತಾವಾಗಿ ಹೊರಳಲಾರದ ರೋಗಿಗಳು ಆರು ಮಂದಿ. ಎರಡು ಗಂಟೆಗೊಮ್ಮೆ ಎಂದರೆ 36 ಬಾರಿ ಮಗ್ಗುಲು ಬದಲಿಸಬೇಕು. ಪ್ರತಿ ಬಾರಿಗೆ 10 ನಿಮಿಷವಾದರೆ ಇಬ್ಬರಿಗೂ ಆರು ಗಂಟೆಗಳು, ಅರ್ಧ ರಾತ್ರಿ, ಇದಕ್ಕೇ ಸಂದಿತು. ಉಳಿದ ರೋಗಿಗಳ ಹನಿಗಳನ್ನು ಎಣಿಸುವವರಾರು? ಹೀಗೆ ಸಿಬ್ಬಂದಿ ಸಾಲದಿದ್ದಲ್ಲಿ ದಾದಿಯು ಒಬ್ಬಳೇ ಎತ್ತಲು ಹೋಗಿ ತನ್ನ ಬೆನ್ನನ್ನು ತೆರುತ್ತಾಳೆ, ಇಲ್ಲವೇ ರೋಗಿಯು ಹುಣ್ಣಿನ ರೂಪದಲ್ಲಿ ಬೆಲೆ ತೆರುತ್ತಾನೆ.

ರೋಗಿಯನ್ನು ಎತ್ತುವ ಯಂತ್ರಗಳೂ, ದ್ರವವನ್ನು ಅಳೆದು ಕೊಡುವ ಪಂಪುಗಳೂ ಇಂದು ಬಂದಿವೆ. ಆದರೆ ಅವು ಎಲ್ಲ ಆಸ್ಪತ್ರೆಗಳಿಗೂ ತಲುಪಿಲ್ಲ. ದಾದಿಯ ಕೆಲಸವನ್ನು ಕೇವಲ ಸೇವಾಭಾವವೆಂದು ಹೊಗಳಿ ಕೈಕಟ್ಟಿ ಕುಳಿತರೆ ಸಾಲದು. ಒಬ್ಬಳು ಎಷ್ಟು ಭಾರವನ್ನು, ಎಷ್ಟು ರೋಗಿಗಳನ್ನು ನಿಭಾಯಿಸಬಲ್ಲಳೆಂಬುದಕ್ಕೂ ಒಂದು ಲೆಕ್ಕವಿದೆ. ಕರುಣೆಯಿದ್ದ ಮಾತ್ರಕ್ಕೆ ಸನ್ನೆಯ ನಿಯಮವು ಸಡಿಲವಾಗುವುದಿಲ್ಲ.